ಅಂಬಿಗ ಬಂದನೆಂಬ ಸುಳ್ಳು

"ಕೊನೆಗೆ ಅಂಬಿಗ ಬರ್ತಾನೆ. ಅವಳ ದೀಪ ಇನ್ನೂ ಉರೀತಿರುತ್ತೆ."

ಸುಮನಾ ಮಾತು ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಶಿವಮೊಗ್ಗದ ದುರ್ಗಿಗುಡಿಯ ಮಹಡಿಯೊಂದರಲ್ಲಿ ಓದುಗರ ಬಳಗ ಸೇರಿತ್ತು. ತಮ್ಮನ್ನು ತಿದ್ದಿ ಬೆಳೆಸಿದ ಮಾಯಾಲೋಕದ ಕಾದಂಬರಿಯ ಬಗ್ಗೆ ಒಬ್ಬೊಬ್ಬರೂ ಮಾತಾಡಬೇಕಿತ್ತು. ಕೆಲವರು ಡ್ರ್ಯಾಗನ್ನುಗಳ ಇಂಗ್ಲಿಷ್ ಪುಸ್ತಕ ತಂದಿದ್ದರು. ಭದ್ರಾವತಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಸುಮನಾ ಆರಿಸಿಕೊಂಡದ್ದು 'ನೆರಳೂರಿನ ಅಂಬಿಗ'. ತನ್ನ ಊರಿನ ಕಳುವಾದ ದನಿಯನ್ನು ಮರಳಿ ತರಲು ಅಂಬಿಗನೊಬ್ಬ ನೆರಳೂರಿಗೆ ಹೋಗುತ್ತಾನೆ. ಅಲ್ಲಿಯ ನೀರು ಕುಡಿದವರಿಗೆ ಮರೆವು. ಈಚೆ ದಡದಲ್ಲಿ ಒಬ್ಬಳು ದೀಪ ಹಿಡಿದು ಕಾಯುತ್ತಾಳೆ.

"ಮೇಡಂ, ಇದರ ಮರುಮುದ್ರಣ ಈಗಷ್ಟೇ ಬಂದಿದೆ, ನೋಡಿಲ್ವಾ?" ಬಳಗದ ಮೈತ್ರಿ ಪುಸ್ತಕ ಎತ್ತಿ ತೋರಿಸಿದಳು. "ಅಂಬಿಗ ಬರೋದೇ ಇಲ್ಲ. ನೀರು ಕುಡಿದು ಅವಳನ್ನೇ ಮರೆತುಬಿಡ್ತಾನೆ."

"ಮೇಡಂ ಗೈಡ್ ಓದ್ಕೊಂಡು ಬಂದಿರ್ಬೇಕು ಬಿಡ್ರಿ." ಹಿಂದಿನ ಸಾಲಿನಿಂದ ಮಾತು, ಮತ್ತೆ ನಗು.

ಸುಮನಾ ಆ ಪುಸ್ತಕವನ್ನೇ ನೋಡಿದಳು. ಬರೋದಿಲ್ವಾ? ಹಾಗಾದ್ರೆ ಅಪ್ಪ ಕೇಳಿಸ್ಕೊಂಡಿದ್ದು...

"ತಪ್ಪು ಅವರದಲ್ಲ." ಬಾಗಿಲ ಬಳಿಯಿಂದ ದನಿ ಬಂತು. "ಅವರು ಓದಿದ ಪ್ರತಿಯಲ್ಲಿ ಕೊನೆಯ ಹಾಳೆಗಳು ಇರಲಿಲ್ಲ. ಹರಿದವನು ನಾನು."

ಓಡಿ ಬಂದವನಂತೆ ಏದುಸಿರು ಬಿಡುತ್ತ ನಿಂತಿದ್ದ ನಿಶಾಂತ್! ಕಿವಿಯ ಮೇಲೆ ಒಂದಷ್ಟು ನರೆ. ದನಿ ಮಾತ್ರ ಅದೇ.

ಆ ದನಿಯನ್ನು ಮರೆಯಲು ಅವಳಿಂದ ಆಗಿರಲೇ ಇಲ್ಲ.

ಭದ್ರಾವತಿಯಲ್ಲಿ ನಿಶಾಂತನ ತಂದೆಗೆ ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಸುಮನಾ ಡಿಗ್ರಿ ಓದುತ್ತಿದ್ದಾಗ ಅವಳ ಅಪ್ಪ ಭೈರಪ್ಪ ಹಾಸಿಗೆ ಹಿಡಿದರು. ಕಾರ್ಖಾನೆಯ ಕುಲುಮೆಯ ಮುಂದೆ ದುಡಿದ ಆ ಮನುಷ್ಯನಿಗೆ ಮಾಯಾಲೋಕದ ಕಥೆಗಳೆಂದರೆ ಪ್ರಾಣ. ಸಂಜೆ ಹೊತ್ತು ಮಗಳು ಜೋರಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಆ ಲೈಬ್ರರಿಯಿಂದ ತಂದ 'ನೆರಳೂರಿನ ಅಂಬಿಗ' ಮುಗಿಯುವ ಹೊತ್ತಿಗೆ ಅವರು ಊಟ ಬಿಟ್ಟಿದ್ದರು.

"ಕೊನೆ ಹಾಳೆಗಳು ಕಿತ್ತುಹೋಗಿವೆ ಸರ್, ನಾನೇ ಹೇಳ್ತೀನಿ," ಎಂದು ನಿಶಾಂತ್ ಮನೆಗೇ ಬಂದಿದ್ದ. ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದ.

"ಬಂದ್ನೇನೋ ಮಾರಾಯ?"

"ಬಂದ ಸರ್. ದೀಪ ನೋಡ್ಕೊಂಡೇ ಬಂದ."

"ಸಾಕು," ಎಂದಿದ್ದರು ಭೈರಪ್ಪ. ಮತ್ತೆ ಅವರು ಹೆಚ್ಚು ಮಾತಾಡಲಿಲ್ಲ.

ತಿಥಿ ಮುಗಿದ ಮೇಲೆ ಸುಮನಾ ಅವನಿಗೆ ಒಂದೇ ಮಾತು ಹೇಳಿದ್ದಳು. "ಎಲ್ಲರೂ ಅಪ್ಪನಿಗೆ ಸುಳ್ಳು ಹೇಳಿದ್ರು, ಹುಷಾರಾಗ್ತೀರಾ ಅಂತ. ನೀನೊಬ್ಬನೇ ಹೇಳ್ಲಿಲ್ಲ."

ಅಂದಿನಿಂದ ನಿಶಾಂತ್ ಬರಲಿಲ್ಲ. ಲೈಬ್ರರಿಯೂ ಮುಚ್ಚಿತು. ಅಮ್ಮ ವಸಂತಮ್ಮ ಗಂಡು ತೋರಿಸಿದಾಗಲೆಲ್ಲ ಸುಮನಾ ಬೇಡ ಎಂದಳು. ಕಾದರೆ ಬರುತ್ತಾರೆ ಎಂದು ಅವಳಿಗೆ ಹೇಳಿಕೊಟ್ಟವನು ಅವನೇ ಅಲ್ಲವೇ...

ಸಭೆ ಮುಗಿದಾಗ ಮೈತ್ರಿ ಹತ್ತಿರ ಬಂದು ತನ್ನ ಪುಸ್ತಕವನ್ನು ಅವಳ ಚೀಲದಲ್ಲಿ ಇಟ್ಟಳು. "ಎಲ್ಲರ ಮುಂದೆ ಹಾಗೆ ಹೇಳ್ಬಾರ್ದಿತ್ತು ಮೇಡಂ. ಇದು ನಿಮಗೇ ಇರ್ಲಿ."

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸುಮನಾ ಕೊನೆಯ ಹಾಳೆ ತೆರೆದಳು. 'ಅವಳು ದೀಪವನ್ನು ಊದಿ, ಹೊಗೆ ಆರುವವರೆಗೆ ನಿಂತು, ಮನೆಗೆ ನಡೆದಳು.' ಅಷ್ಟೇ.

ನಿಶಾಂತ್ ತುಸು ದೂರದಲ್ಲಿ ನಿಂತಿದ್ದ.

"ಎಲ್ಲಿದ್ದೀರಿ ಈಗ?" ಅವಳು ತಲೆ ಎತ್ತಲಿಲ್ಲ.

"ಹೊಳೆಹೊನ್ನೂರು. ಕಾಲೇಜಿನ ಲೈಬ್ರರೀಲಿ."

ಹೊಳೆಹೊನ್ನೂರು! ಭದ್ರಾವತಿಯಿಂದ ಒಂದೇ ಬಸ್ಸಿನ ದಾರಿ.

"ಆಹ್ವಾನದಲ್ಲಿ ನಿನ್ನ ಹೆಸರು, ಈ ಪುಸ್ತಕದ ಹೆಸರು ನೋಡಿದೆ. ಮೊದಲೇ ಹೇಳೋಣ ಅಂತ ಹೊರಟೆ. ಬಸ್ಸು ಕೆಟ್ಟು ನಿಂತಿತು."

"ಆ ಹಾಳೆಗಳು?"

"ಹಳೇ ಸೇತುವೆ ಮೇಲಿಂದ ಭದ್ರೆಗೆ ಎಸೆದೆ. ನಿಮ್ಮಪ್ಪ ಅದನ್ನ ಕೇಳಿಸ್ಕೊಂಡು ಹೋಗೋದು ಬೇಡ ಅನ್ನಿಸ್ತು."

"ಆಮೇಲೆ ಯಾಕೆ ಬರ್ಲಿಲ್ಲ?"

"ನಿನ್ನನ್ನ ಮದ್ವೆಗೆ ಕೇಳ್ಬೇಕು ಅಂತಲೇ ಇದ್ದೆ. ಕೇಳೋಕೆ ಮೊದಲು ಸುಳ್ಳು ಒಪ್ಕೋಬೇಕಿತ್ತು. ನೀನು ನೋಡಿದ್ರೆ ನಾನೊಬ್ಬನೇ ಸುಳ್ಳು ಹೇಳದವನು ಅಂದ್ಬಿಟ್ಟೆ..."

ಸುಮನಾ ಪುಸ್ತಕವನ್ನು ಮುಚ್ಚಿದಳು.

"ಅಪ್ಪನಿಗೆ ಹೇಳಿದ ಸುಳ್ಳು ಅನ್ನ ಹಾಕಿದ ಹಾಗೆ. ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ನಾನೂ ಅಲ್ಲೇ ಕೂತಿದ್ದೆ ನಿಶಾಂತ್. ಈ ಪುಸ್ತಕದಲ್ಲಿರೋದು ಗೊತ್ತಿದ್ದಿದ್ರೆ ನಾನೂ ದೀಪ ಊದಿ ಮನೆಗೆ ಹೋಗ್ತಿದ್ದೆ. ನಿಮ್ಮ ಕಥೆ ನಂಬ್ಕೊಂಡು ನಿಮ್ಮನ್ನೇ ಕಾದೆ."



ಭದ್ರಾವತಿ ಬಸ್ಸು ಬಂತು. ಅವಳು ಹತ್ತಿದಳು, ಅವನೂ ಹತ್ತಿ ಕಂಬಿ ಹಿಡಿದು ನಿಂತ. ಮಲವಗೊಪ್ಪ ದಾಟುವವರೆಗೂ ಪಕ್ಕದ ಸೀಟಿನಲ್ಲಿ ಅವಳ ಚೀಲವೇ ಕೂತಿತ್ತು.

"ಆ ಸರ್ ಎಷ್ಟೊತ್ತು ನಿಲ್ತಾರೆ? ಚೀಲಕ್ಕೂ ಟಿಕೆಟ್ ಹರೀಲೇನಮ್ಮ?" ಎಂದ ಕಂಡಕ್ಟರ್.

ಸುಮನಾ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಕೂತ್ಕೋ ಮಾರಾಯ. ನಿಂತು ಬಂದ್ರೆ ತಪ್ಪೇನೂ ಕಮ್ಮಿ ಆಗಲ್ಲ."

ಅವನು ಕೂತ. ಅವಳು ಪುಸ್ತಕ ಕೊಟ್ಟಳು. "ಓದು. ಇದ್ದ ಹಾಗೇ."

ಕಿಟಕಿಯ ಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿತ್ತು. ಬಿಸಿಲಿಗೆ ಮರೆಯಾಗುವಂತೆ ಪುಸ್ತಕವನ್ನು ಎತ್ತಿ ಹಿಡಿದು ಅವನು ಓದಿದ. ದೀಪ ಊದುವ ಸಾಲಿಗೆ ಬಂದಾಗ ದನಿ ಒಡೆಯಿತು.

"ಮುಂದೆ?" ಎಂದಳು.

"ಮುಂದೆ ಇಲ್ಲ ಸುಮನಾ. ಇಷ್ಟೇ."

"ಹಾಗಾದ್ರೆ ನೀನು ಹೇಳು. ಈ ಸಲ ನಿಜ ಹೇಳು."

ಮಾಚೇನಹಳ್ಳಿ ಬಂದು ಹೋಯಿತು.

"ಅಂಬಿಗ ಆ ನೀರು ಕುಡೀಲೇ ಇಲ್ಲ," ಎಂದ ಕೊನೆಗೆ. "ದಿನಾ ಅವಳ ನೆನಪಿತ್ತು. ಹೇಡಿ ಅವನು. ಅದಕ್ಕೇ ಬರ್ಲಿಲ್ಲ."

ಅವಳ ಕಣ್ಣು ತುಂಬಿತು. ಹೋದ ವರ್ಷಗಳು ಹೋದವು. ಅವನ್ನು ಯಾವ ದೋಣಿಯೂ ಹಿಂದಕ್ಕೆ ತರಲಾರದು.

"ಅಮ್ಮನಿಗೂ ಇದನ್ನ ನೀನೇ ಹೇಳ್ಬೇಕು. ಬಯ್ತಾರೆ."

"ಬಯ್ಲಿ." ತಡೆದು ತಡೆದು ಕೇಳಿದ. "ನೀನು... ದೀಪ ಊದಿದ್ಯಾ?"

"ಊದೋಕೆ ಬರ್ತಿದ್ದಿದ್ರೆ," ಎಂದಳು ಸುಮನಾ, ಕಿಟಕಿಯ ಕಡೆಗೆ ಮುಖ ಮಾಡಿ, "ಚೀಲ ಇನ್ನೂ ನಿನ್ನ ಸೀಟಲ್ಲೇ ಇರ್ತಿತ್ತು."