ಹಾಕಿದವರೇ ತೆಗೆಯಬೇಕು

2025ರ ಆಗಸ್ಟ್ 20, ಬುಧವಾರ. ಸಂಜೆ 5.10ಕ್ಕೆ ಕಟ್ಟೆಮಳಲವಾಡಿಯ ಶಿವಶಂಕರ ಹುಣಸೂರಿನ ಠಾಣೆಗೆ ಬಂದು ದೂರು ಬರೆದುಕೊಟ್ಟ. ತಂದೆ ಬಸವರಾಜು, ವಯಸ್ಸು ಎಪ್ಪತ್ತೊಂದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಕುಸಿದು ಸತ್ತಿದ್ದಾರೆ, ಯಾರ ಮೇಲೂ ಅನುಮಾನವಿಲ್ಲ. ಇನ್‌ಸ್ಪೆಕ್ಟರ್ ಉಷಾರಾಣಿ ಅಸ್ವಾಭಾವಿಕ ಸಾವೆಂದು ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಮಾದೇವನೊಂದಿಗೆ ಜೀಪು ಹತ್ತಿದರು.

ಬೆಳಿಗ್ಗೆಯಷ್ಟೇ ಸೊಪ್ಪು ಇಳಿಸಿದ್ದರಿಂದ ಬ್ಯಾರನ್ ಖಾಲಿಯಿತ್ತು. ಒಲೆಯ ಕೆಂಡ ಆರಿರಲಿಲ್ಲ. ಒಳಗಿನ ಕಬ್ಬಿಣದ ಕೊಳವೆಗಳು ಮುಟ್ಟುವಂತಿರಲಿಲ್ಲ. ಪಂಚನಾಮೆ ಬರೆಯುತ್ತಿದ್ದ ಮಾದೇವ ಬಾಗಿಲ ಒಳಮೈಗೆ ಟಾರ್ಚ್ ಬಿಟ್ಟ. ಎದೆಮಟ್ಟದಲ್ಲಿ ಹಸಿ ಉಗುರುಗೆರೆಗಳು. ಸೊಂಟದ ಮಟ್ಟದಲ್ಲೂ ಗೆರೆಗಳು. ಕೆಲವು ಹೊಸವು, ಕೆಲವು ಮಸಿ ಹಿಡಿದು ಕಪ್ಪಾದವು. ಚಿಲಕ ಹೊರಗಡೆ ಮಾತ್ರ ಇತ್ತು.

“ಎಲ್ಲರ ಮನೆ ದೋಸೆ ತೂತಾದ್ರೆ ಇವರ ಮನೆ ಕಾವಲಿಯೇ ತೂತು ಮೇಡಂ,” ಎಂದ ಮಾದೇವ.

ಜಗಲಿಯಲ್ಲಿ ಶಿವಶಂಕರನ ಮಗಳು, ಒಂಬತ್ತು ವರ್ಷದ ಪದ್ಮಶ್ರೀ, ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದಳು.

“ಕೈಗೇನಾಯ್ತು ಪುಟ್ಟಿ?” ಎಂದರು ಉಷಾರಾಣಿ.

“ಹಾಲು ಚೆಲ್ಲಿದ್ದಕ್ಕೆ ತಾತ ಬ್ಯಾರನ್ನಾಗೆ ಕೂಡಾಕಿದ್ರು. ಕತ್ಲೇಲಿ ಪೈಪು ಮುಟ್ಬುಟ್ಟೆ.”

ಅವಳ ಆಸ್ಪತ್ರೆಯ ಚೀಟಿಯಲ್ಲಿ ಮಧ್ಯಾಹ್ನ 1.20 ಎಂದಿತ್ತು. ಮರುದಿನ ಬಸವರಾಜು ಅವರ ಶವಪರೀಕ್ಷೆ ಮಾಡಿದ ವೈದ್ಯರು ತೀವ್ರ ಶಾಖದಿಂದ ಸಾವು ಎಂದು ಬರೆದರು. ಎಫ್‌ಐಆರ್ ಆಯಿತು, ಶಿವಶಂಕರನನ್ನು ಠಾಣೆಗೆ ಕರೆಸಿದರು.

“ಚಿಲಕ ಹಾಕಿದ್ದು ಯಾರು?”

“ನಾನೇ ಮೇಡಂ. ಮಗೂನ ಈಚೆ ತಗ್ದು ಅಪ್ಪನ್ನ ತಳ್ದೆ. ಎಂಗಿರ್ತದೆ ಅಂತ ಅರ್ಧ ಗಂಟೆ ಗೊತ್ತಾಗ್ಲಿ ಅಂತ. ಆಸ್ಪತ್ರೇಲಿ ಲೇಟಾಯ್ತು.”

“ಮನೆಯಲ್ಲಿ ತಾಯಿ ಇದ್ದರಲ್ಲ?”

“ಅವ್ವ ತೆಗೀತಾಳೆ ಅನ್ಕಂಡೆ.”

“ನಿಮ್ಮನ್ನ ಹಾಕಿದಾಗ ತೆಗೀತಿದ್ರಾ?”

ಅವನು ತಲೆ ತಗ್ಗಿಸಿದ. “ಒಂದೇ ಒಂದ್ಸಲ.”

ತಾಯಿ ಪುಟ್ಟತಾಯಮ್ಮನನ್ನೂ ಠಾಣೆಗೆ ಕರೆಸಿದರು. ಬುಧವಾರ ಮಧ್ಯಾಹ್ನ ಅವರು ಬ್ಯಾರನ್ನಿಗೆ ಹತ್ತು ಹೆಜ್ಜೆ ದೂರದಲ್ಲಿ ಹುರುಳಿ ಕೇರುತ್ತ ಕೂತಿದ್ದರು.

“ಕೂಗು ಕೇಳಿಸಲಿಲ್ವಾ ಅಮ್ಮ?”

“ಕೇಳುಸ್ತು. ಮೂರು ಗಂಟೆವರ್ಗೂ ನನ್ ಎಸ್ರು ಇಡಿದು ಕೂಗುದ್ರು.”

“ಮತ್ತೆ ಯಾಕೆ ತೆಗೆಯಲಿಲ್ಲ?”

“ಆಕಿದೋರೇ ತೆಗೀಬೇಕು ಕಣವ್ವ. ಅವ್ರೇ ಮಾಡಿದ್ ಕಟ್ಲೆ. ಇವ್ನು ಐದು ವರ್ಸದೋನಿದ್ದಾಗ ಒಂದ್ಸಲ ತೆಗ್ದೆ. ನನ್ನೂ ಮಗನ ಜೊತೇಲೇ ಒಳಿಕ್ಕೆ ಆಕುದ್ರು. ಆಮೇಲೆ ಆ ಚಿಲಕಕ್ಕೆ ನನ್ ಕೈ ಏಳ್ನೇ ಇಲ್ಲ.”

ಉಷಾರಾಣಿಗೆ ಕೋಪ ಬಂತು. ಯಾರ ಮೇಲೆ ತೀರಿಸಿಕೊಳ್ಳುವುದು? ಸತ್ತವನ ಮೇಲೆ ಹಾಕುವ ಕಲಂ ಯಾವ ಪುಸ್ತಕದಲ್ಲೂ ಇಲ್ಲ. ಸಂಜೆ 4.30ಕ್ಕೆ ಶಿವಶಂಕರನ ಬಂಧನ ದಾಖಲಿಸಿದರು. ಕೇಸ್ ಡೈರಿಯಲ್ಲಿ ಕಾರಣದ ಮುಂದೆ ‘ತನಗಾದದ್ದು ಮಗಳಿಗೂ ಆಯಿತೆಂಬ ಸಂಕಟ’ ಎಂದು ಬರೆದರು.

ಮಾದೇವ ಲಾಕಪ್ಪಿಗೆ ಬೀಗ ಹಾಕುವುದನ್ನು ಪುಟ್ಟತಾಯಮ್ಮ ಮೊಮ್ಮಗಳನ್ನು ಹಿಡಿದುಕೊಂಡು ನೋಡಿದರು.

“ಸ್ವಾಮಿ, ನೀವೇ ಆಕಿದ್ದೀರಿ. ನೀವೇ ತೆಗೀಬೇಕು ತಾನೆ?”

“ನನ್ನ ಕೈಲಿಲ್ಲಮ್ಮ. ಕೋರ್ಟು ಹೇಳಬೇಕು.”

“ಅಂಗಾದ್ರೆ ಕಾಯ್ತೀನಿ ಬುಡಿ,” ಎಂದು ಅವರು ಲಾಕಪ್ಪಿಗೆ ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕೂತರು.