ಎರಡು ಹೊಲಿಗೆ, ಒಂದು ಗಂಟು

"ಅಪ್ಪಾ, ಈ ಫ್ರಾಕು ಯಾರದು?"

ಜ್ವರ ಬಂದು ಮಲಗಿದ್ದ ಅಪ್ಪ ಗೋಡೆಯ ಕಡೆ ಹೊರಳಿದ. "ಟೀಚರಮ್ಮನ ಮೂಟೆಲಿ ಬಂದಿರತ್ತೆ. ಒಗೆದು ಕಳಿಸು."

"ಟೀಚರಮ್ಮಂಗೆ ಮಕ್ಕಳೇ ಇಲ್ವಲ್ಲಪ್ಪಾ!"

ಹಿರಿಮಗಳು ಫ್ರಾಕಿನ ಕಾಲರನ್ನು ಮತ್ತೊಮ್ಮೆ ಮಗುಚಿ ನೋಡಿದಳು. ಅವರ ಲಾಂಡ್ರಿಯಲ್ಲಿ ಗಿರಾಕಿಗಳ ಬಟ್ಟೆಗೆ ಶಾಯಿಯ ಗುರುತು. ಮನೆಯವರ ಬಟ್ಟೆ ಅದರಲ್ಲಿ ಬೆರೆತುಹೋಗದಿರಲೆಂದು ಕಾಲರಿನೊಳಗೆ ಕೆಂಪು ದಾರದ ಹೊಲಿಗೆ. ತೀರಿಹೋದ ಅಮ್ಮ ಮಾಡಿಟ್ಟ ಕ್ರಮ ಅದು. ಅಕ್ಕನಿಗೆ ಒಂದು ಹೊಲಿಗೆ, ತಂಗಿಗೆ ಎರಡು, ಕೊನೆಗೊಂದು ಗಂಟು. ಈ ಪುಟ್ಟ ಫ್ರಾಕಿನ ಕಾಲರಿನಲ್ಲಿ ಎರಡು ಹೊಲಿಗೆ, ಒಂದು ಗಂಟು!

ಐದು ವರ್ಷವಾಗಿತ್ತು. ಇಷ್ಟಪಟ್ಟವನ ಕೈ ಹಿಡಿದು ಬಂದ ಕಿರಿಮಗಳನ್ನು ಅಪ್ಪ ಬಾಗಿಲಲ್ಲೇ ತಡೆದು, "ನಾನಾಗಿ ಕರೆಯೋ ತನಕ ಈ ಹೊಸಿಲು ತುಳಿದ್ರೆ ನನ್ನ ಹೆಣ ನೋಡ್ತೀಯ!" ಎಂದಿದ್ದ. ಅವಳೂ ಕಡಿಮೆಯವಳಲ್ಲ, ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದೇ ಮೊಂಡಿ ಎಂದು. ಅಲ್ಲಿಂದಲೇ ತಿರುಗಿ ಹೋದವಳು ಮತ್ತೆ ಇತ್ತ ಸುಳಿಯಲಿಲ್ಲ. ಅಂದಿನಿಂದ ಅಕ್ಕನಿಗೆ ಅದೊಂದೇ ಹಂಬಲ. ಅಂಗಡಿಯ ಮುಂದೆ ಚಪ್ಪಲಿ ಸದ್ದಾದರೆ ಸಾಕು, ಇಸ್ತ್ರಿಪೆಟ್ಟಿಗೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಹಾಗೆ ಎಷ್ಟು ಅಂಗಿ ಸುಟ್ಟುಹೋದವೋ! "ಅವಳು ನಮ್ಮನ್ನ ಮರೆತಾಯ್ತು, ನೀನೂ ಮರಿ" ಎಂದು ಅಪ್ಪನೇ ಸಮಾಧಾನ ಹೇಳುತ್ತಿದ್ದ. ಎಂಥ ಸಮಾಧಾನ ನೋಡಿ!

"ಇದೇ ಮೊದಲ್ನೇದಾ?" ಅಕ್ಕ ಕೇಳಿದಳು.

"...ನಾಲ್ಕನೇದು." ಅಪ್ಪನ ದನಿ ಗೋಡೆಯ ಕಡೆಯಿಂದಲೇ ಬಂತು. "ವರ್ಷಕ್ಕೊಂದು ಬರ್ತಿತ್ತು. ಮೂಟೆ ಬಿಚ್ಚೋನು ನಾನೇ ಅಲ್ವಾ... ದಾರ ಕಿತ್ತು, ಒಗೆದು, ನೆರಿಗೆ ನೆರಿಗೆಗೂ ನಾನೇ ಇಸ್ತ್ರಿ ಹಾಕಿ ವಾಪಸ್ ಕಳಿಸ್ತಿದ್ದೆ. ಗೊತ್ತಾದ್ರೆ ನೀನೂ ಹೊರಟುಹೋಗ್ತಿದ್ದೆ. ಆಮೇಲೆ ನಂಗ್ಯಾರು ಗತಿ?"

"ನಿನಗೋಸ್ಕರ ಬಂದ ಸಂಬಂಧ ಎಲ್ಲ ಬೇಡ ಅಂದೋಳು ನಾನು! ನನ್ನನ್ನೇ ನಂಬಲಿಲ್ವಲ್ಲಪ್ಪಾ...!" ಹುಟ್ಟಿದಾಗಿನಿಂದ ಎದುರಾಡದವಳು ಅಂದು ಎದ್ದು ನಿಂತಳು. "ಹೋಗ್ತೀನಿ. ಅವಳನ್ನ ಕರ್ಕೊಂಡೇ ಬರ್ತೀನಿ. ಬಾಗಿಲು ಹಾಕಿದ್ರೆ ಅವಳ ಜೊತೆ ನಾನೂ ಹೊರಗೇ!"

ಅಪ್ಪ ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಅವಳು ಬಾಗಿಲು ದಾಟುವಾಗ ಮಾತ್ರ, "ಆ ಮಗೂಗೆ ನನ್ನ ಬಗ್ಗೆ ಏನ್ ಹೇಳಿದಾಳೋ..." ಎಂದು ಮುಖ ಮುಚ್ಚಿಕೊಂಡ.

ಮೂಟೆಗೆ ಈ ಫ್ರಾಕು ಸೇರಿಸಿದವರು ಯಾರೆಂದು ಕೇಳಿದಾಗ ಟೀಚರಮ್ಮ ತಮ್ಮ ಪಕ್ಕದ ಮನೆಯನ್ನು ತೋರಿಸಿದರು. ಬಾಗಿಲು ತೆರೆದದ್ದು ನಾಲ್ಕು ವರ್ಷದ ಹುಡುಗಿ. ಹಿಂದೆಯೇ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ತಂಗಿ ಅಲ್ಲೇ ನಿಂತುಬಿಟ್ಟಳು. ಎಷ್ಟು ಇಳಿದುಹೋಗಿದ್ದಾಳೆ! ಬಾಚಿ ತಬ್ಬಿಕೊಳ್ಳಲು ಅಕ್ಕ ಮುಂದೆ ಬಂದರೆ ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ಅಪ್ಪ ಕರೆದ್ನಾ?"

"ಕರೆದ. ಕರ್ಕೊಂಡು ಬಾ ಅಂದ."

"ಅಂದ್ರೆ ಇಷ್ಟು ದಿನ ಅಪ್ಪಂಗೆ ಗೊತ್ತೇ ಇರಲಿಲ್ಲ! ಮಕ್ಕಳ ಬಟ್ಟೆ ಇಸ್ತ್ರಿ ಯಾವತ್ತೂ ನಿನ್ನ ಕೈಲೇ ತಾನೆ? ವರ್ಷಾ ವರ್ಷಾ ದಾರ ಕಿತ್ತು ಕಳಿಸಿದ್ದು ನೀನೇನಾ ಅಕ್ಕಾ? ಅಪ್ಪ ನೋಡಿದ್ರೆ ಓಡಿ ಬರ್ತಿದ್ದ... ಅದೊಂದು ನಂಬಿಕೆ ಮೇಲೆ ಬದುಕಿದೀನಿ ನಾನು!"

ನಿಜ ನಾಲಿಗೆ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಈ ಮೊಂಡಿ ಈ ಜನ್ಮದಲ್ಲಿ ಆ ಹೊಸಿಲು ತುಳಿಯುವುದಿಲ್ಲ. ಅಪ್ಪನೋ, ಮೊಮ್ಮಗಳ ಮುಖ ಕಾಣದೆ ಕೊರಗಿ ಕೊರಗಿಯೇ ಹೋಗುತ್ತಾನೆ.

"ಹೂಂ... ನಾನೇ."

"ಯಾಕಕ್ಕಾ?"

"ಹೊಟ್ಟೆಕಿಚ್ಚು ಕಣೇ. ನಿನಗೊಂದು ಸಂಸಾರ ಆಯ್ತು, ನಂಗಾಗಲಿಲ್ಲ ಅಂತ." ಆ ಮಾತು ಅಷ್ಟು ಸಲೀಸಾಗಿ ಬಂದದ್ದು ಕಂಡು ಅವಳಿಗೇ ಗಾಬರಿಯಾಯಿತು.

ತಂಗಿ ಮಗುವಿಗೆ ಚಪ್ಪಲಿ ಹಾಕಿ ಬಾಗಿಲಿಗೆ ಬೀಗ ಹಾಕಿದಳು. "ಅಪ್ಪನ್ನ ನೋಡೋಕೆ ಬರ್ತೀನಿ. ನೀನು ನನ್ನ ಹತ್ರ ಮಾತಾಡ್ಬೇಡ."

ಬೀದಿಯಲ್ಲಿ ಮಗು ಮತ್ತೆ ಮತ್ತೆ ಹಿಂದಿರುಗಿ ನೋಡಿತು. "ಅಮ್ಮಾ, ಅವರು ಯಾರು?"

"ಯಾರೂ ಅಲ್ಲ. ಮುಂದೆ ನೋಡ್ಕೊಂಡು ನಡಿ."

ಹತ್ತು ಹೆಜ್ಜೆ ಹಿಂದೆ ಅಕ್ಕ ನಡೆದಳು. ಐದು ವರ್ಷ ಹಂಬಲಿಸಿದ ಜೀವ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು... ಚಾಚುವಂತಿರಲಿಲ್ಲ. ತಂಗಿ ಬಿರಬಿರನೆ ಹೋಗುತ್ತಿದ್ದಳು, ಮನೆಯ ಕಡೆಗೇ ಹೋಗುತ್ತಿದ್ದಳು. ಅಷ್ಟಾಯಿತಲ್ಲ ಎಂದು ಅಕ್ಕ ಕಣ್ಣೊರೆಸಿಕೊಂಡಳು.