ಅವನ ಗೋಡೆ, ಅವಳ ಮನೆ

ಪರದೆಯ ಮೇಲೆ ಅವಳ ಚಿತ್ರ ಮೂಡಿದ ಕೂಡಲೇ ಯಾರೋ ನಕ್ಕರು.

ಜೋರು ನಗುವೇನಲ್ಲ. ಮೂಗಿನಿಂದ ಹೊರಬಿದ್ದ, ಗಾಳಿಯಂಥ ನಗು. ಆದರೆ ಆರು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಅದರ ಕರಡು ಬಿಡಿಸಿದವಳಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು.

ಉದ್ದನೆಯ ಮೇಜಿನ ಕೊನೆಯಲ್ಲಿ ಕೂತಿದ್ದವನ ಕಡೆ ಅವಳು ತಿರುಗಿದಳು. ಮೂವತ್ತೈದರ ಆಸುಪಾಸು. ಷರ್ಟಿನ ತೋಳಿಗೆ ಸಿಮೆಂಟಿನ ಧೂಳು. ಜೇಬಿನಲ್ಲಿ ಒಂದೇ ಎತ್ತರಕ್ಕೆ ನಿಂತ ಮೂರು ಪೆನ್ಸಿಲು.

"ಏನಾದ್ರೂ ತಮಾಷೆ ಕಾಣಿಸ್ತಾ?" ಎಂದಳು.

"ಆ ಕಂಬ ನೋಡಿ," ಎಂದ ಅವನು, ಎದ್ದು ನಿಲ್ಲುವ ಸೌಜನ್ಯವೂ ಇಲ್ಲದೆ. "ಮೇಲೆ ಮುಂದಿದೆ, ಕೆಳಗೆ ಹಿಂದಿದೆ. ಮೆಟ್ಟಿಲು ಹತ್ತಿಕೊಂಡೇ ಹೋಗಿ ಹೊರಟ ಜಾಗಕ್ಕೇ ಬರುತ್ತೆ. ನಾನು ಹೀಗೆ ಕಟ್ಟಿದ್ರೆ ಜೈಲಿಗೆ ಹಾಕ್ತಾರೆ."

ಸಭೆ ನಕ್ಕಿತು. ಅಧ್ಯಕ್ಷರು ನಕ್ಕರು, ಅವರು ನಕ್ಕಿದ್ದಕ್ಕೆ ಉಳಿದವರೂ ನಕ್ಕರು.

"ನೀವು ಕಟ್ಟಿದ್ದನ್ನ ಬರುವಾಗ ನೋಡಿದೆ," ಎಂದಳು ಅವಳು. "ಜೈಲಿನ ಹಾಗೇ ಇದೆ."

ಈಗ ಯಾರೂ ನಗಲಿಲ್ಲ. ಅವನು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಅವಳಿಗೆ ಆ ನೋಟದ ಮೇಲೂ ತಿರಸ್ಕಾರವೇ ಹುಟ್ಟಿತು. 'ಇಟ್ಟಿಗೆ ಎಣಿಸೋನಿಗೆ ಚಿತ್ರ ಏನು ಗೊತ್ತಾಗುತ್ತೆ…'

ಅದು ಹೊಸ ಗ್ರಂಥಾಲಯದ ಕಟ್ಟಡ ಸಮಿತಿ. ನಾಲ್ಕು ಅಂತಸ್ತಿನ ಕಟ್ಟಡ, ನಡುವೆ ಮೆಟ್ಟಿಲು, ಮೆಟ್ಟಿಲ ಪಕ್ಕದಲ್ಲಿ ನಲವತ್ತು ಅಡಿ ಎತ್ತರದ ಬೋಳು ಗೋಡೆ. ಆ ಗೋಡೆಯನ್ನು ತುಂಬುವ, ಎಲ್ಲೂ ಕಟ್ಟಲಾಗದ ಒಂದು ಮನೆಯ ಚಿತ್ರವನ್ನು ಅವಳು ಕಂಪ್ಯೂಟರಿನಲ್ಲಿ ಬಿಡಿಸಬೇಕಿತ್ತು. ಅದನ್ನು ನಲವತ್ತೆಂಟು ಹಲಗೆಗಳ ಮೇಲೆ ಅಚ್ಚು ಹಾಕಿ ಜೋಡಿಸುವುದು ಯೋಜನೆ. ನಕ್ಕವನು ಆ ಕಟ್ಟಡವನ್ನು ನಿಂತು ಕಟ್ಟಿಸಿದ ಎಂಜಿನಿಯರ್.

ಸಮಿತಿ ಚಿತ್ರವನ್ನು ಒಪ್ಪಿತು. ಯಾಕೆ ಒಪ್ಪಿತು ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಗೋಡೆಯನ್ನು ಪ್ರತಿ ಅಂತಸ್ತಿನಿಂದಲೂ ನೋಡುತ್ತ ಕೆಲಸ ಮಾಡಬೇಕಾದ್ದರಿಂದ ಎರಡನೇ ಮಹಡಿಯ ಒಂದು ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಪಕ್ಕದ ಕೋಣೆ ಅವನದು. ಅವಳು ಅವನಿಗೆ ಮನಸ್ಸಿನಲ್ಲೇ ಹೆಸರಿಟ್ಟಳು, ತೂಗುಗುಂಡು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ಕಬ್ಬಿಣದ ಗುಂಡಿನ ಹಾಗೆ ಅವನೂ ಸದಾ ನೆಟ್ಟಗೆ, ಭಾರವಾಗಿ, ಬಾಯಿಲ್ಲದೆ ನೇತಾಡುತ್ತಿದ್ದ.

ಬಾಯಿ ಇಲ್ಲದ್ದು ಬೇರೆಯವರ ಜೊತೆ. ಅವಳ ಕೋಣೆಗೆ ಬಂದರೆ ಬಾಯಿ ಬರುತ್ತಿತ್ತು.

"ಈ ಕಿಟಕಿ ತೆಗೆದ್ರೆ ಏನು ಕಾಣುತ್ತೆ?"

"ಅದೇ ಮನೆಯ ಒಳಗು."

"ಹೊರಗೆ ನೋಡಿದ್ರೆ ಒಳಗು ಕಾಣುತ್ತಾ?"

"ಕೆಲವರಿಗೆ ಎಲ್ಲಿ ನೋಡಿದ್ರೂ ಏನೂ ಕಾಣಲ್ಲ. ಅದಕ್ಕೆ ನಾನೇನು ಮಾಡಲಿ?"

ಅವನು ಹೋಗುತ್ತಿದ್ದ. ಮರುದಿನ ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಿದ್ದ.

ಸಂಜೆ ಮನೆಗೆ ಹೋದರೆ ಅಲ್ಲಿ ಭಾವ. ಅಕ್ಕನ ಮನೆಯಲ್ಲೇ ಅವಳ ವಾಸ. ಭಾವ ಕೆಟ್ಟವರಲ್ಲ, ಆದರೆ ನಾಲಿಗೆಗೆ ಸುಂಕ ಕಟ್ಟಬೇಕಾಗಿ ಬಂದಿದ್ದರೆ ಎಂದೋ ದಿವಾಳಿಯಾಗುತ್ತಿದ್ದರು. "ಎಲ್ಲಾ ಕಂಪ್ಯೂಟರೇ ಮಾಡುತ್ತಲ್ಲಮ್ಮ, ನಿನಗೆ ಅಲ್ಲಿ ಏನು ಕೆಲಸ?" ಎಂದು ಊಟಕ್ಕೆ ಕೂತಾಗೆಲ್ಲ ಕೇಳುತ್ತಿದ್ದರು. ಮುನ್ನೂರು ಪದರಗಳಲ್ಲಿ, ಒಂದೊಂದು ಗೆರೆಯನ್ನೂ ಕೈಯಾರೆ ಎಳೆದು, ಒಂದೊಂದು ಅಂತಸ್ತಿಗೂ ಬೇರೆ ಬೇರೆ ದಿಗಂತ ಇಟ್ಟು ಆ ಮನೆಯನ್ನು ಕಟ್ಟುತ್ತಿದ್ದೇನೆ ಎಂದು ಅವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಒಂದು ಮಧ್ಯಾಹ್ನ ತೂಗುಗುಂಡು ಬಂದು ಸ್ಕ್ರೀನಿನ ಮುಂದೆ ತುಂಬ ಹೊತ್ತು ನಿಂತ.

"ಇಲ್ಲಿ ಜನ ಎಡವ್ತಾರೆ."

"ಚಿತ್ರದಲ್ಲಿ ಯಾರೂ ನಡೆಯಲ್ಲ, ಸರ್."

"ಕಣ್ಣು ನಡೆಯುತ್ತೆ." ಅವನು ಪೆನ್ಸಿಲ ತುದಿ ತೋರಿಸಿದ. "ಈ ಹನ್ನೆರಡು ಮೆಟ್ಟಿಲು ಒಂದೇ ಎತ್ತರ. ಹದಿಮೂರನೇದು ಜಾಸ್ತಿ. ನೆರಳು ಬೇರೆ ಎಡಕ್ಕೆ ಬೀಳೋ ಕಡೆ ಬಲಕ್ಕೆ ಬಿದ್ದಿದೆ. ಸುಳ್ಳು ಹೇಳೋದಾದ್ರೆ ಪೂರ್ತಿ ಹೇಳಿ. ಮಧ್ಯದಲ್ಲಿ ತಡವರಿಸಿದ್ರೆ ಯಾರು ನಂಬ್ತಾರೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕಟ್ಟಲಾರದವನು ಚಿತ್ರ ಡೊಂಕು ಅಂತಾನೆ… ಬೈಗುಳ ಅವಳ ಬಾಯಿಗೆ ಬಂದೇಬಿಟ್ಟಿತ್ತು. ಅವನು ಹೋದ ಮೇಲೆ ಅಳತೆ ಹಾಕಿ ನೋಡಿದಳು.

ಹದಿಮೂರನೇ ಮೆಟ್ಟಿಲು ಜಾಸ್ತಿ ಇತ್ತು.

ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಅಸಾಧ್ಯವಾದ ಮನೆ ನಿಲ್ಲಬೇಕಾದರೆ ಅದರ ಪ್ರತಿ ಮೂಲೆಯೂ ತನ್ನಷ್ಟಕ್ಕೆ ಸಾಧ್ಯವಾಗಿರಬೇಕು. ಒಂದೊಂದು ಜೋಡಣೆಯೂ ನಿಜ ಹೇಳಬೇಕು, ಇಡೀ ಮನೆ ಮಾತ್ರ ಸುಳ್ಳು ಹೇಳಬೇಕು. ಅವಳಿಗೇ ಗೊತ್ತಿರಬೇಕಾದ ಈ ಮಾತನ್ನು ಆ ಇಟ್ಟಿಗೆ ಎಣಿಸುವವನು ಹೇಳಿ ಹೋಗಿದ್ದ.

ಹನ್ನೊಂದು ದಿನ ಅವಳು ಮೆಟ್ಟಿಲುಗಳನ್ನೆಲ್ಲ ಅಳಿಸಿ ಮತ್ತೆ ಕಟ್ಟಿದಳು. ಅವನನ್ನು ಕರೆಯಲಿಲ್ಲ, ಅವನೇ ಬಂದ.

"ತೊಲೆಯ ದಪ್ಪ ಎಷ್ಟಿರುತ್ತೆ?" ಎಂದು ಒಂದು ದಿನ ಅವಳೇ ಕೇಳಿಬಿಟ್ಟಳು, ಗೋಡೆಯನ್ನು ನೋಡುತ್ತ.

ಅವನು ಹೇಳಿದ. ಯಾಕೆ ಅಷ್ಟಿರಬೇಕು ಎಂದೂ ಹೇಳಿದ. ಹೇಳುವಾಗ ಅವನ ಕೈ ಗಾಳಿಯಲ್ಲಿ ತೊಲೆ ಹೊತ್ತು ನಿಲ್ಲುತ್ತಿತ್ತು. ಅವಳು ಕಂಬ ಹೇಗೆ ಹಿಂದಿನಿಂದ ಮುಂದಕ್ಕೆ ಜಾರುತ್ತದೆ ಎಂದು ತೋರಿಸಿದಳು. ಮುಚ್ಚಬೇಕಾದ ಒಂದೇ ಒಂದು ಅಂಚನ್ನು ಮುಚ್ಚದೆ ಬಿಡುವುದು, ಅಷ್ಟೇ ಗುಟ್ಟು.

"ಅಷ್ಟೇನಾ?" ಎಂದ ಅವನು, ಮೋಸಹೋದ ಮಗುವಿನಂತೆ.

"ಅಷ್ಟೇ. ಕಲಿಯೋಕೆ ಒಂಬತ್ತು ವರ್ಷ ಆಯ್ತು."

ಇನ್ನೊಂದು ದಿನ ಅವನು ಸ್ಕ್ರೀನಿನ ಮೇಲಿನ ಮೆಟ್ಟಿಲುಗಳ ಗುಂಟ ಬೆರಳು ಓಡಿಸಿದ. ನಾಲ್ಕು ತಿರುವು ಹತ್ತಿ ಬೆರಳು ಹೊರಟಲ್ಲಿಗೇ ಬಂದಿತು. ಮತ್ತೊಮ್ಮೆ ಹತ್ತಿದ. ಅವಳು ಕಾದಳು.

"ತಪ್ಪೆಲ್ಲಿದೆ ಅಂತ ಹುಡುಕ್ತಿದೀನಿ," ಎಂದ ಮೆಲ್ಲಗೆ. "ಸಿಗ್ತಿಲ್ಲ."

ಅವಳ ಎದೆಯಲ್ಲಿ ಏನೋ ಜಾರಿತು. ಹೊಗಳಿದವರು ಬಹಳ ಜನ ಇದ್ದರು. ಇಷ್ಟು ಕಷ್ಟಪಟ್ಟು ಸೋತವರು ಯಾರೂ ಇರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಭಾವನ ಮಾತು ಅವಳಿಗೆ ಕೇಳಿಸಲೇ ಇಲ್ಲ ಎಂದು ಅಕ್ಕ ಗಮನಿಸಿದಳು.

ಚಿತ್ರ ಮುಗಿಯಲು ಹತ್ತು ದಿನ ಇರುವಾಗ ಆ ಕಾಗದ ಅವಳ ಕಣ್ಣಿಗೆ ಬಿತ್ತು.

ಸಮಿತಿಯಲ್ಲೂ ಇದ್ದ ಗ್ರಂಥಪಾಲಕಿಯ ಕೋಣೆಗೆ ಸಹಿ ಹಾಕಿಸಲು ಹೋಗಿದ್ದಳು. ಅವರು ಒಳಗೆಲ್ಲೋ ಇದ್ದರು. ಮೇಜಿನ ಮೇಲೆ ಸಮಿತಿಗೆ ಬರೆದ ಕಾಗದ, ಅಚ್ಚಿನಂಥ ನೆಟ್ಟಗಿನ ಅಕ್ಷರ. ಯಾರದೆಂದು ಕೇಳಬೇಕಿರಲಿಲ್ಲ. 'ಮೆಟ್ಟಿಲ ಗೋಡೆಯ ಮೇಲೆ ಈ ಚಿತ್ರ ಹಾಕಲು ನನ್ನ ಒಪ್ಪಿಗೆ ಇಲ್ಲ. ಕೆಲಸವನ್ನು ತಕ್ಷಣ ನಿಲ್ಲಿಸಬೇಕು.' ವಿಳಾಸ, ಹಳೆಯ ಕಾಗದಗಳ ಉಲ್ಲೇಖ ಎಲ್ಲ ಸೇರಿ ಅಷ್ಟಕ್ಕೆ ಮೊದಲ ಪುಟ ಮುಗಿದಿತ್ತು. ಒಳಗಿನಿಂದ ಹೆಜ್ಜೆ ಸಪ್ಪಳ ಕೇಳಿ ಅವಳು ಹಿಂದೆ ಸರಿದಳು.

'ಎದುರಿಗೆ ತಪ್ಪು ಸಿಗ್ತಿಲ್ಲ ಅಂದ. ಹಿಂದಿನಿಂದ ಕತ್ತು ಕೊಯ್ದ…'

ಅವನು ನೆಲಮಹಡಿಯಲ್ಲಿ ಗಾರೆಯವರ ನಡುವೆ ನಿಂತಿದ್ದ. ಅವಳು ನೇರ ಅಲ್ಲಿಗೇ ಇಳಿದಳು.

"ಸಮಿತಿಗೆ ಕಾಗದ ಬರೆದಿದ್ದು ನೀವೇ ತಾನೇ?"

ಅವನ ಮುಖ ಬಣ್ಣಗೆಟ್ಟಿತು. "ಹೌದು. ಓದಿದ್ರಾ?"

"ಸಾಕಷ್ಟು ಓದಿದೆ. ನಿಮ್ಮಂಥೋರಿಗೆ ನಾಲ್ಕು ಗೋಡೆ ನೆಟ್ಟಗಿದ್ರೆ ಆಯ್ತು, ಒಳಗೆ ಮನುಷ್ಯರು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಕಟ್ಟೋಕೆ ಬಂದ ಮಾತ್ರಕ್ಕೆ ದೊಡ್ಡವರಾಗಲ್ಲ. ಇನ್ನೊಬ್ಬರು ಕಟ್ಟಿದ್ದನ್ನ ಕೆಡವೋಕೆ ಎಂಜಿನಿಯರ್ ಓದಬೇಕಾಗಿರಲಿಲ್ಲ."

ಗಾರೆಯವರ ಕರಣೆಗಳು ನಿಂತವು. ಅವನು ಏನೋ ಹೇಳಲು ಬಾಯಿ ತೆರೆದ. ಸುತ್ತಲೂ ನೋಡಿದ. ಮುಚ್ಚಿದ.

"ಓದಿದ್ದೀರಲ್ಲ, ಸಾಕು," ಎಂದ. ಆ ಎರಡು ಮಾತಿನಲ್ಲಿ ತಿರಸ್ಕಾರ ಅವಳದಕ್ಕಿಂತ ಕಡಿಮೆ ಇರಲಿಲ್ಲ. ಮರುದಿನದಿಂದ ಪಕ್ಕದ ಕೋಣೆಗೆ ಬೀಗ ಬಿತ್ತು. ಅವನನ್ನು ಬೇರೆ ಕೆಲಸಕ್ಕೆ ಹಾಕಿದರಂತೆ ಎಂದು ಯಾರೋ ಹೇಳಿದರು. ಒಳ್ಳೇದಾಯ್ತು, ಎಂದುಕೊಂಡಳು. ಆದರೆ ಬಾಗಿಲ ಕಡೆ ಕಣ್ಣು ಹೋಗುವುದು ನಿಲ್ಲಲಿಲ್ಲ. ಅದಕ್ಕಾಗಿ ತನ್ನನ್ನೂ ತಿರಸ್ಕರಿಸಿದಳು.

ಆಶ್ಚರ್ಯವೆಂದರೆ ಕೆಲಸ ನಿಲ್ಲಲಿಲ್ಲ. ಬೇಗ ಮುಗಿಸಿ ಎಂದು ಅಧ್ಯಕ್ಷರೇ ದಿನಕ್ಕೆ ಎರಡು ಸಲ ಬಂದು ಹೋದರು. ಹಲಗೆ ದಪ್ಪದ್ದಿರಲಿ ಎಂದರು, ಗೋಡೆಯ ಕೆಳಗಿನ ಎಡಮೂಲೆಯನ್ನು ಮೊದಲು ಮುಚ್ಚಿ ಎಂದರು.

ಅವಳು ಗ್ರಂಥಪಾಲಕಿಯನ್ನು ಕೇಳಿದಳು. "ಮೇಡಂ, ಆ ಮೂಲೆ ಮೇಲೆ ಯಾಕಿಷ್ಟು ಪ್ರೀತಿ?"

ಅವರು ನಿವೃತ್ತಿಯ ಹತ್ತಿರದ, ಮಾತು ಕಡಿಮೆಯ ಹೆಂಗಸು. ಬಾಗಿಲು ಮುಚ್ಚಿ, ಬೀರುವಿನಿಂದ ಅದೇ ಕಾಗದ ತೆಗೆದರು.

"ಅವತ್ತು ನೀನು ಮೊದಲ ಪುಟ ಓದಿದ್ದು ನನಗೆ ಗೊತ್ತು. ಆಗಲೇ ಎರಡನೇದು ಕೊಡಬೇಕಾಗಿತ್ತು. ಧೈರ್ಯ ಬರಲಿಲ್ಲ, ತಪ್ಪು ನನ್ನದೇ. ಈಗ ಓದು."

'ಗೋಡೆಯ ಒಳಗಿನ ನೀರಿನ ಕೊಳವೆ ಜಿನುಗುತ್ತಿದೆ. ಅದನ್ನು ಪರೀಕ್ಷಿಸದೆ ಗಾರೆ ಮುಚ್ಚಿಸಿದ ತಪ್ಪು ನನ್ನದು. ಗೋಡೆ ಒಡೆದು ಸರಿಪಡಿಸುವ ತನಕ ಚಿತ್ರ ಹಾಕಬಾರದು. ಹಾಕಿದರೆ ಒಂದು ವರ್ಷದಲ್ಲಿ ಹಾಳಾಗುತ್ತದೆ. ಈ ಚಿತ್ರ ಹಾಳಾಗಬಾರದು.'

ಅವಳು ಆ ಪುಟವನ್ನು ಇನ್ನೊಮ್ಮೆ ಓದಿದಳು.

"ಸಮಿತಿಗೆ ಮೊದಲೇ ಗೊತ್ತಿತ್ತಾ?"

"ಗೋಡೆ ಮೇಲೆ ತೇವದ ಕಲೆ ಕಾಣಿಸಿದ ವಾರವೇ ಅಧ್ಯಕ್ಷರಿಗೆ ಗೊತ್ತು. ಅದನ್ನ ಮುಚ್ಚೋಕೇ ಚಿತ್ರ ಬೇಕು ಅಂದಿದ್ದು. ನಿನ್ನ ಚಿತ್ರ ಎಲ್ಲಕ್ಕಿಂತ ದೊಡ್ಡದಾಗಿತ್ತು. ಆ ಎಂಜಿನಿಯರ್ ಹುಡುಗನಿಗೆ ಕಲೆ ಕಾಣದ ಹಾಗೆ ಬಣ್ಣ ಬಳಿಸಿದ್ರು. ಬಣ್ಣ ಉಬ್ಬಿದ್ದನ್ನ ನೋಡಿ ಅವನೇ ಪತ್ತೆ ಮಾಡಿದ. ಬರೆದಿದ್ದಕ್ಕೆ ಇಲ್ಲಿಂದ ಎತ್ತಿ ಹಾಕಿದ್ರು."

ಹಾಗಾದರೆ ಅವಳ ಮನೆ, ಮುನ್ನೂರು ಪದರ, ನಾಲ್ಕು ದಿಗಂತ, ಇವರಿಗೆ ಒಂದು ಪರದೆ ಮಾತ್ರ. ಹುಳುಕು ಮುಚ್ಚುವ ಬಟ್ಟೆ. ಇಷ್ಟು ದಿನ ತಿರಸ್ಕಾರವನ್ನು ಎಲ್ಲಿ ಚೆಲ್ಲಿದೆ, ಎಲ್ಲಿ ಚೆಲ್ಲಬೇಕಿತ್ತು…

ಮರುದಿನ ಬೆಳಿಗ್ಗೆ ಅವಳು ಅಧ್ಯಕ್ಷರ ಎದುರು ಕೂತಳು.

"ಚಿತ್ರ ಮುಗಿದಿದೆ. ಗೋಡೆ ಒಡೆದು ಕೊಳವೆ ಸರಿ ಮಾಡೋವರೆಗೆ ಕೊಡಲ್ಲ."

ಅಧ್ಯಕ್ಷರು ತಾಳ್ಮೆಯಿಂದ ನಕ್ಕರು. "ನೋಡಮ್ಮ, ಇಂಥ ಅವಕಾಶ ನಿನ್ನ ವಯಸ್ಸಿನವರಿಗೆ ಯಾರು ಕೊಡ್ತಾರೆ? ಬೇಡ ಅಂದ್ರೆ ಬೇರೆಯವರು ಸಾಲಾಗಿ ನಿಂತಿದ್ದಾರೆ. ಒಂದು ಹೂವಿನ ಚಿತ್ರ ಹಾಕಿದ್ರೂ ಗೋಡೆ ತುಂಬುತ್ತೆ."

"ಹಾಕಿ. ಹೂವಿಗೆ ನೀರು ಹೇಗೂ ಗೋಡೆಯಿಂದಲೇ ಸಿಗುತ್ತೆ."

ಅವಳು ಎದ್ದು ಬಂದಳು. ಒಂಬತ್ತು ವರ್ಷ ಕಾದ ಗೋಡೆ ಅದು. ಮೆಟ್ಟಿಲಲ್ಲಿ ನಿಂತು ಅದನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ ಮನೆಗೆ ಹೋದಳು.

ಅಕ್ಕನಿಗೆ ಎಲ್ಲ ಹೇಳಿದಳು. ಬೈದದ್ದನ್ನೂ ಹೇಳಿದಳು. ಅಕ್ಕ ಬಟ್ಟೆ ಮಡಿಸುತ್ತಲೇ ಕೇಳಿದಳು.

"ಗೋಡೆ ಹೋಯ್ತು ಅಂತ ಅಳ್ತಿದೀಯೋ, ಅವನು ಹೋದ ಅಂತಲೋ?"

ಪಕ್ಕದ ಕೋಣೆಯಿಂದ ಭಾವ, "ಕಂಪ್ಯೂಟರ್ ಇದಕ್ಕೆ ಏನನ್ನುತ್ತೆ?" ಎಂದರು. "ನೀವು ಸುಮ್ನಿರಿ," ಎಂದಳು ಅಕ್ಕ. ಮದುವೆಯಾದ ಮೇಲೆ ಮೊದಲ ಬಾರಿಗೆ ಭಾವ ಸುಮ್ಮನಾದರು.

ಗೋಡೆ ಹೋಗಲಿಲ್ಲ. ಗ್ರಂಥಪಾಲಕಿ, ಕೆಲಸದಲ್ಲಿದ್ದಷ್ಟೂ ಕಾಲ ಯಾರಿಗೂ ಎದುರಾಡದವರು, ತುಂಬಿದ ಸಭೆಯಲ್ಲಿ ಎದ್ದು ನಿಂತು ಆ ಕಾಗದವನ್ನು ಎರಡೂ ಪುಟ ಗಟ್ಟಿಯಾಗಿ ಓದಿದರಂತೆ. "ಪುಸ್ತಕಕ್ಕೆ ತೇವ ತಗುಲಿದ್ರೆ ನಾನು ಜವಾಬ್ದಾರಳಲ್ಲ ಅಂತ ಬರೆದುಕೊಳ್ಳಿ," ಎಂದರಂತೆ. ಬರೆದುಕೊಳ್ಳಲು ಯಾರಿಗೂ ಕೈ ಬರಲಿಲ್ಲ. ಮುಂದಿನ ವಾರ ಗೋಡೆ ಒಡೆದರು. ಕೊಳವೆಯ ಒಂದು ಬೆಸುಗೆ ಬಾಯಿ ಬಿಟ್ಟಿತ್ತು.

ಅದು ತಿಳಿದ ದಿನವೇ ಅವಳು ಅವನನ್ನು ಹುಡುಕಿಕೊಂಡು ಹೊರಟಳು.

ಅವನನ್ನು ಹಾಕಿದ್ದು ಒಂದು ಶಾಲೆಯ ಆವರಣದ ಗೋಡೆ ಕಟ್ಟಿಸಲು. ಆಳೆತ್ತರದ, ಯಾರೂ ತಲೆಯೆತ್ತಿ ನೋಡದ ಗೋಡೆ. ಅದನ್ನೂ ಅವನು ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅವಳನ್ನು ಕಂಡು ದಾರ ಬಿಟ್ಟ.

"ತಪ್ಪಾಯ್ತು," ಎಂದಳು. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. "ಅರ್ಧ ಓದಿ ಬೈದೆ. ಅಷ್ಟು ಜನರ ಮುಂದೆ. ಇವತ್ತು ಗೋಡೆ ಒಡೆದ್ರು… ನೀವು ಬರೆದಿದ್ದೇ ನಿಜ."

ಅವನು ಗಾರೆ ಮೆತ್ತಿದ ಕೈ ಒರೆಸಿಕೊಂಡ. "ಬೆಸುಗೆನಾ?"

"ಬೆಸುಗೆ."

"ನಾನು ನೋಡಬೇಕಿತ್ತು."

"ಅವತ್ತು ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ."

ಅವನು ಬಿಟ್ಟ ದಾರವನ್ನು ಎತ್ತಿ ಬೆರಳಿಗೆ ಸುತ್ತಿಕೊಂಡ.

"ಸಿಟ್ಟು ಬಂದಿತ್ತು. ಇಷ್ಟು ದಿನ ನನ್ನ ನೋಡಿಯೂ ನೀವು ಅದನ್ನ ನಂಬಿದ್ರಲ್ಲ ಅಂತ. ಆಮೇಲೆ ಹೇಳೋಣ ಅಂದ್ರೆ… ನಿಮ್ಮ ಚಿತ್ರನ ಅವರು ಯಾಕೆ ಆರಿಸಿದ್ದು ಅನ್ನೋದನ್ನೂ ಹೇಳಬೇಕಾಗ್ತಿತ್ತು. ಅದು ನನ್ನ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅನ್ನಿಸ್ತು."

ಅವಳನ್ನು ಅವಮಾನದಿಂದ ಉಳಿಸಲು ಅವನು ಅವಳ ತಿರಸ್ಕಾರವನ್ನು ನುಂಗಿಕೊಂಡಿದ್ದ.

"ಅವರು ಯಾಕಾದ್ರೂ ಆರಿಸಲಿ," ಎಂದಳು. "ನೀವು ಹದಿಮೂರನೇ ಮೆಟ್ಟಿಲು ಕಂಡುಹಿಡಿದ್ರಿ. ನನಗೆ ಅಷ್ಟು ಸಾಕು."

ಅವನು ನೆಲ ನೋಡಿದ. ಅವಳೇ ಮುಂದುವರಿಸಬೇಕಾಯಿತು.

"ನಿಮ್ಮ ಕೋಣೆಗೆ ಬೀಗ ಬಿದ್ದ ಮೇಲೆ ನನಗೆ ಕೆಲಸದಲ್ಲಿ ಮನಸ್ಸು ನಿಂತಿಲ್ಲ. ಗೆರೆ ಎಳೆದ್ರೆ ಅದನ್ನ ಯಾರಿಗೆ ತೋರಿಸೋದು ಅನ್ನೋದೇ ಯೋಚನೆ. ಇದಕ್ಕೆ ಏನಂತಾರೋ, ಅದು ನನಗೆ ಆಗಿದೆ. ನಿಮಗೆ ಆಗಿಲ್ಲ ಅಂದ್ರೆ ಹೇಳಿಬಿಡಿ, ಹೋಗ್ತೀನಿ."

"ನನಗೆ ಆಗಿ ತುಂಬ ದಿನ ಆಯ್ತು," ಎಂದ ಅವನು. "ನನ್ನ ಜೊತೆ ಇರೋದು ಕಷ್ಟ, ಅದನ್ನೂ ಈಗಲೇ ಹೇಳಿಬಿಡ್ತೀನಿ. ಗೋಡೆ ಮೇಲಿನ ಕ್ಯಾಲೆಂಡರ್ ಓರೆಯಾಗಿದ್ರೂ ನನಗೆ ನಿದ್ದೆ ಬರಲ್ಲ."

"ನನ್ನ ಜೊತೆಯೂ ಕಷ್ಟವೇ."

"ಅದು ಮೊದಲನೇ ದಿನವೇ ಗೊತ್ತಾಯ್ತು."

ಅವಳು ನಗಲು ಹೋದಳು, ಅಳು ಬಂತು. ಅವನು ಗಾಬರಿಯಾಗಿ ಅತ್ತಿತ್ತ ನೋಡಿ, ಇಟ್ಟಿಗೆ ಗುಡ್ಡೆಯ ಮೇಲೆ ತನ್ನ ಕರವಸ್ತ್ರ ಹಾಸಿದ. ಅವಳು ಕೂತಳು. ಪಕ್ಕದಲ್ಲಿ ಅವನೂ ಕೂತ. ಶಾಲೆಯ ಮಧ್ಯಾಹ್ನದ ಗಂಟೆ ಹೊಡೆಯಿತು.

"ಊಟ ಮಾಡಿದ್ಯಾ?" ಎಂದು ಕೇಳಿದ.

ಇಷ್ಟು ದಿನದ 'ನೀವು' ಅಲ್ಲೆಲ್ಲೋ ಬಿದ್ದುಹೋಗಿದ್ದು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

"ಇಲ್ಲ," ಎಂದಳು. "ನೀನು?"